ಲಾಂಗ್‌ಫರ್ಡ್ ಬಗ್ಗೆ ಏನು ಹೇಳಬೇಕು, ಚಿತ್ರದಲ್ಲಿ ಜನ ಯಾಕೆ ಓಡಿದ ಹಾಗೆ ಕಾಣ್ತಾರೆ

ಸಾರ್, ಫಿಲ್ಮ್ ಸೊಸೈಟಿಯಲ್ಲಿ ‘ದಿ ಸೆಂಟಿಮೆಂಟಲ್ ಬ್ಲೋಕ್’ (1919) ಹಾಕುವ ಮುಂಚೆ ಅದರ ನಿರ್ದೇಶಕ, ಆಸ್ಟ್ರೇಲಿಯಾದ ಮೂಕಿಚಿತ್ರ ಕಾಲದ ರೇಮಂಡ್ ಲಾಂಗ್‌ಫರ್ಡ್ ಬಗ್ಗೆ ಹತ್ತು ನಿಮಿಷ ಏನು ಮಾತಾಡಲಿ, ಫೈಲಿನಲ್ಲಿ ಎಲ್ಲರೂ ಓಡಿದ ಹಾಗೆ ಕಾಣ್ತಾರಲ್ಲ ಅಂತ ಕೇಳಿದ್ರಿ. ಮೊದಲು ವೇಗ ಸರಿಮಾಡಿಕೊಳ್ಳಿ. ಇಲ್ಲದಿದ್ದರೆ ಭಾವುಕ ದೃಶ್ಯಕ್ಕೂ ಜನ ನಗ್ತಾರೆ.

ಆಗಿನ ಕ್ಯಾಮೆರಾ ಕೈಯಲ್ಲಿ ತಿರುಗಿಸುವಂಥದ್ದು, ಸೆಕೆಂಡಿಗೆ ಸುಮಾರು 16ರಿಂದ 20 ಫ್ರೇಮು. 35 ಎಂಎಂ ರೀಲಿನ 1000 ಅಡಿಯಲ್ಲಿ 16,000 ಫ್ರೇಮು. 18ರ ವೇಗಕ್ಕೆ ಅದು ಹೆಚ್ಚುಕಡಿಮೆ 15 ನಿಮಿಷ, 24ಕ್ಕೆ 11 ನಿಮಿಷ. 18ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದ್ದಕ್ಕೇ ಎಲ್ಲರೂ ಓಡಿದ ಹಾಗೆ ಕಾಣೋದು. ಪ್ಲೇಯರಿನಲ್ಲಿ ವೇಗ 0.75ಕ್ಕೆ ಇಳಿಸಿ, ನಡಿಗೆ ನೋಡಿ. ಸಂಗೀತ ಕೂಡಿಸಿದ ಫೈಲಾದರೆ ಅದೂ ಎಳೆಯುತ್ತದೆ, ಧ್ವನಿ ಬಂದ್ ಮಾಡಿ. ಪುನರುದ್ಧಾರ ಮಾಡಿದ ಪ್ರತಿಯಲ್ಲಿ ಸಾಮಾನ್ಯವಾಗಿ ವೇಗ ತಿದ್ದಿರ್ತಾರೆ, ಮತ್ತೆ ಇಳಿಸಿದರೆ ಪಾತ್ರಗಳು ನಿದ್ದೆಗಣ್ಣಲ್ಲಿ ನಡೆದಂತೆ ಕಾಣುತ್ತವೆ.

ಇನ್ನು ಮಾತು. 1878ರಲ್ಲಿ ಮೆಲ್ಬರ್ನ್ ಹತ್ತಿರದ ಹಾಥಾರ್ನ್‌ನಲ್ಲಿ ಹುಟ್ಟು, ಹಡಗಿನ ಕೆಲಸ, ಆಮೇಲೆ ಊರೂರು ಸುತ್ತುವ ನಾಟಕ ಕಂಪನಿ: ಇದಕ್ಕೆ ಒಂದೇ ನಿಮಿಷ ಸಾಕು. 1911ರ ‘ದಿ ಫೇಟಲ್ ವೆಡಿಂಗ್’ ಹತ್ತಿರ ನಿಲ್ಲಿ. ಲಾಂಗ್‌ಫರ್ಡ್ ಮತ್ತು ಅವರ ಚಿತ್ರಗಳ ನಟಿ ಲಾಟಿ ಲೈಯಲ್ ರಂಗದ ಮೇಲೆ ಆಡಿದ್ದ ನಾಟಕವೇ ಅದು; ಬೆಳಕಿಗಾಗಿ ಸಿಡ್ನಿಯ ಬಾಂಡೈನ ಕಲಾವಿದನೊಬ್ಬನ ಸ್ಟುಡಿಯೋದ ಛಾವಣಿ ತೆಗೆಸಿ ಒಳಾಂಗಣ ದೃಶ್ಯ ತೆಗೆದರು. ‘ಬ್ಲೋಕ್’ ಹೊತ್ತಿಗೆ ಕ್ಯಾಮೆರಾ ಸಿಡ್ನಿಯ ವೂಲುಮೂಲೂ ಬೀದಿಗೇ ಇಳಿದಿತ್ತು, ನಾಟಕದ ಕೈಬೀಸಾಟ ಹೆಚ್ಚುಕಡಿಮೆ ಮಾಯ.

ಲೈಯಲ್‌ರನ್ನು ಬರೀ ನಾಯಕಿ ಅಂದುಬಿಡಬೇಡಿ. ಚಿತ್ರಕಥೆ ಬರೆಯುತ್ತಿದ್ದವರು, 1921ರ ‘ದಿ ಬ್ಲೂ ಮೌಂಟನ್ಸ್ ಮಿಸ್ಟರಿ’ಗೆ ಸಹ ನಿರ್ದೇಶಕಿ. 1925ರಲ್ಲಿ ಕ್ಷಯದಿಂದ ತೀರಿಕೊಂಡರು. ಅಲ್ಲಿಂದ ಲಾಂಗ್‌ಫರ್ಡ್ ಕೆಲಸ ಇಳಿಮುಖ ಅಂತಲೇ ನನ್ನ ಲೆಕ್ಕ. ಟಾಕಿ ಬಂದು ಮುಗಿಸಿತು ಅನ್ನುವುದು ಅರ್ಧಸತ್ಯ. ಬೆಂಬಲಕ್ಕಿದ್ದ ನಿರ್ಮಾಪಕ ಕೋಜನ್ಸ್ ಸ್ಪೆನ್ಸರ್ ಕಂಪನಿ 1913ರ ಹೊತ್ತಿಗೆ ದೊಡ್ಡ ವಿತರಣಾ ಕೂಟದಲ್ಲಿ ಕರಗಿತ್ತು. ಆ ಕೂಟಕ್ಕೆ ಖರ್ಚು ತವರಲ್ಲೇ ಹುಟ್ಟಿಸಿಕೊಂಡು ಬಂದ ಆಮದು ಚಿತ್ರವೇ ಅಗ್ಗ. ಥಿಯೇಟರ್ ಇಲ್ಲದ ನಿರ್ದೇಶಕ ಏನು ಮಾಡಿಯಾನು? ಚಿತ್ರೋದ್ಯಮದ ಬಗ್ಗೆ ಸರ್ಕಾರ ನೇಮಿಸಿದ್ದ 1927ರ ವಿಚಾರಣಾ ಆಯೋಗ, ಅಂದರೆ ರಾಯಲ್ ಕಮಿಷನ್ ಮುಂದೆ ಅವರು ಈ ದೂರನ್ನೇ ಇಟ್ಟರು. ಕೊನೆಗಾಲದಲ್ಲಿ ಸಿಡ್ನಿ ಬಂದರಿನ ಕಾವಲುಗಾರ, 1959ರಲ್ಲಿ ನಿಧನ.

‘ಬ್ಲೋಕ್’ನ ದೃಶ್ಯಗಳ ಮಧ್ಯೆ ಬರುವ ಬರಹದ ಶೀರ್ಷಿಕೆಗಳು ಕವಿ ಸಿ. ಜೆ. ಡೆನ್ನಿಸ್ ಪದ್ಯದವು, ಅಪ್ಪಟ ಬೀದಿಮಾತು, ಇಂಗ್ಲಿಷ್ ಬಲ್ಲವರಿಗೂ ತೊಡಕು. ಒಂದು ಪುಟದ ಕನ್ನಡ ಸಾರಾಂಶ ಬಾಗಿಲಲ್ಲೇ ಹಂಚಿ, ದೀಪ ಆರಿದ ಮೇಲೆ ಯಾರೂ ಓದಲಾರರು.