ನಿಂಬೆಹಣ್ಣು ಮನೆಯಲ್ಲೇ ಇರಲಿ

ಪ್ರಶ್ನೆ: ನನಗೆ 34 ವರ್ಷ, ತೀರ್ಥಹಳ್ಳಿ ಹತ್ತಿರದ ಹಳ್ಳಿ. ಕಳೆದ ಮಳೆಗಾಲದಲ್ಲಿ ಉಡುಪಿಗೆ ಹೊರಟಾಗ ಆಗುಂಬೆ ಘಾಟಿಯ ತಿರುವಿನಲ್ಲಿ ಎದೆ ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ಸತ್ತೇ ಹೋದೆ ಅನ್ನಿಸಿತು. ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ಸರಿಯಿವೆ. ವೈದ್ಯರು ಪ್ಯಾನಿಕ್ ಡಿಸಾರ್ಡರ್, ಅಂದರೆ ಇದ್ದಕ್ಕಿದ್ದಂತೆ ವಿಪರೀತ ಭಯ ಮತ್ತೆ ಮತ್ತೆ ಆವರಿಸುವ ಕಾಯಿಲೆ, ಎಂದರು. ಚೀಲದಲ್ಲಿ ನಿಂಬೆಹಣ್ಣು, ನೀರು, ಜೊತೆಗೆ ಗಂಡ ಇದ್ದರೂ ಬಸ್ ಹತ್ತಲಾಗುತ್ತಿಲ್ಲ. ಆನ್‌ಲೈನ್ ಚಿಕಿತ್ಸೆಯಾದರೆ ಮನೆಯಿಂದ ಹೊರಡುವ ಗೋಜೇ ಇಲ್ಲವಲ್ಲ, ಅದರಿಂದ ಗುಣವಾಗುತ್ತದೆಯೇ? ನೆಟ್‌ವರ್ಕ್ ಸಿಗುವುದು ಅಟ್ಟದ ಮೇಲೆ ಮಾತ್ರ. ಅಲ್ಲಿ ಆಡಿದ್ದೆಲ್ಲ ಕೆಳಗೆ ಅತ್ತೆಗೆ ಕೇಳಿಸುತ್ತದೆ.
– ಹೆಸರು ಬೇಡ

ಉತ್ತರ: ‘ಹೊರಡುವ ಗೋಜೇ ಇಲ್ಲ’ ಎಂದಿದ್ದೀರಲ್ಲ, ಅದನ್ನು ಎರಡು ಸಲ ಓದಿದೆ. ಆನ್‌ಲೈನ್ ಚಿಕಿತ್ಸೆಯಿಂದ ಗುಣವಾಗುವವರು ಬೇಕಾದಷ್ಟು ಜನರಿದ್ದಾರೆ. ಆದರೆ ಹೊರಡದೆ ಅಲ್ಲ. ಬಸ್ಸು ತಪ್ಪಿಸಿದಷ್ಟೂ ಈ ಕಾಯಿಲೆಗೆ ಗೊಬ್ಬರ ಹಾಕಿದಂತೆ. ಇವತ್ತು ಉಳಿದುಕೊಂಡೆ ಎಂಬ ಸಮಾಧಾನ ಸಿಗುತ್ತದೆ, ನಾಳೆಯ ಬಸ್ಸು ಇನ್ನಷ್ಟು ಭಯಂಕರವಾಗುತ್ತದೆ.

2020ರ ಲಾಕ್‌ಡೌನ್‌ವರೆಗೆ ನಾನೂ ಫೋನಿನ ಚಿಕಿತ್ಸೆಗೆ ಮೂಗು ಮುರಿಯುತ್ತಿದ್ದೆ. ಆಮೇಲೆ ಬೇರೆ ದಾರಿಯಿರಲಿಲ್ಲ. ಒಬ್ಬರು ದನದ ಕೊಟ್ಟಿಗೆಯಿಂದ ಮಾತನಾಡುತ್ತಿದ್ದರು. ನಾನು ಏನೋ ಗಂಭೀರವಾಗಿ ಹೇಳಹೊರಟರೆ ಕರು ಕೂಗುತ್ತಿತ್ತು. ಅವರೂ ಸುಧಾರಿಸಿಕೊಂಡರು. ಸ್ವೀಡನ್ನಿನಲ್ಲಂತೂ ಪ್ಯಾನಿಕ್‌ಗೆ ಇಂಟರ್ನೆಟ್ ಮೂಲಕ ಸಿಬಿಟಿ, ಅಂದರೆ ಯೋಚನೆ ಮತ್ತು ವರ್ತನೆಯನ್ನು ತಿದ್ದುವ ಚಿಕಿತ್ಸೆ, ಕೊಡುವುದು ಅದಕ್ಕೆ ಎಷ್ಟೋ ವರ್ಷ ಮೊದಲೇ ರೂಢಿಯಲ್ಲಿತ್ತು. ಚಿಕಿತ್ಸಕರ ಮಾರ್ಗದರ್ಶನವಿದ್ದರೆ ಎದುರು ಕುಳಿತು ಪಡೆಯುವ ಚಿಕಿತ್ಸೆಯಷ್ಟೇ ಹೆಚ್ಚುಕಡಿಮೆ ಫಲವಿದೆ.

ಇದರಲ್ಲಿ ಮಾತಿಗಿಂತ ಅಭ್ಯಾಸವೇ ಹೆಚ್ಚು. ಚಿಕಿತ್ಸಕರು ನಿಮ್ಮನ್ನು ನಿಂತಲ್ಲೇ ಒಂದು ನಿಮಿಷ ಓಡಿಸಬಹುದು, ಸುತ್ತು ಹೊಡೆಸಿ ತಲೆ ತಿರುಗಿಸಬಹುದು. (ಆಸ್ತಮಾ ಇದ್ದರೆ, ಬಸುರಿಯಾಗಿದ್ದರೆ ಮೊದಲೇ ಹೇಳಿ.) ಘಾಟಿಯಲ್ಲಿ ಆದ ಅದೇ ಎದೆಬಡಿತವನ್ನು ಬೇಕೆಂದೇ ಬರಿಸಿಕೊಂಡು, ಅದು ಕೆಲವೇ ನಿಮಿಷಗಳಲ್ಲಿ ಏರಿ ತಾನಾಗಿ ಇಳಿಯುವುದನ್ನು ಮೈಗೆ ತೋರಿಸುವುದು ಇದರ ಉದ್ದೇಶ. ಮುಂದೆ ತೀರ್ಥಹಳ್ಳಿ ನಿಲ್ದಾಣದಲ್ಲಿ ಸುಮ್ಮನೆ ನಿಲ್ಲುವುದು, ಆಗುಂಬೆವರೆಗೆ ಹೋಗಿ ಬರುವುದು, ಕೊನೆಗೆ ಘಾಟಿ ಇಳಿದು ಸೋಮೇಶ್ವರ. ಮೊದಲು ಗಂಡನ ಜೊತೆ, ಆಮೇಲೆ ಒಬ್ಬರೇ. ನಿಂಬೆಹಣ್ಣನ್ನೂ ಒಂದು ದಿನ ಬಿಡಬೇಕಾಗುತ್ತದೆ. ಇಲ್ಲವಾದರೆ ನೀವು ಗಟ್ಟಿಗರಾದದ್ದರ ಕೀರ್ತಿಯೆಲ್ಲ ಅದಕ್ಕೇ ಹೋಗುತ್ತದೆ.

ಆ್ಯಪ್‌ಗಳಲ್ಲಿ ‘ಆಪ್ತಸಮಾಲೋಚಕ’ ಎಂಬ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಂಡಾರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಸಂಕೋಚ ಬೇಡ. ಎಲ್ಲಿಂದ ಶುರುಮಾಡುವುದೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ-ಮಾನಸ್. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ವಾರವಾರದ ಚಿಕಿತ್ಸೆ ಅದಲ್ಲ, ಆದರೆ ಮುಂದಿನ ದಾರಿ ಹೇಳುತ್ತಾರೆ.

ಇನ್ನು ಅಟ್ಟ. ಇಯರ್‌ಫೋನ್ ಹಾಕಿಕೊಂಡರೆ ಚಿಕಿತ್ಸಕರ ದನಿ ಅಡಗೀತು, ನಿಮ್ಮದಲ್ಲ. ಅತ್ತೆ ಹೊರಗೆ ಹೋಗುವ ಹೊತ್ತನ್ನೇ ಗೊತ್ತುಮಾಡಿಕೊಳ್ಳಬಹುದು. ನನ್ನನ್ನು ಕೇಳಿದರೆ, ಅವರಿಗೆ ಹೇಳಿಬಿಡಿ. ಅಟ್ಟದಲ್ಲಿ ಸೊಸೆ ಧಡಧಡ ಓಡುವ ಸದ್ದು ಕೇಳಿದರೆ ಹೇಗೂ ಹತ್ತಿ ಬಂದೇ ಬರುತ್ತಾರೆ.