ಸೂರಿನ ಕೆಳಗಿನ ಪೇಟೆ

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಮಿನಿಯಾಪೊಲಿಸ್ ಹತ್ತಿರ ಇದ್ದಾರೆ. ಡಿಸೆಂಬರ್‌ನಲ್ಲಿ ಬಾಣಂತನಕ್ಕೆ ಹೊರಟಿದ್ದೇನೆ. "ಚಳಿಗೆ ಹೆದರಬೇಡಮ್ಮಾ, ಇಲ್ಲಿ ಸೌತ್‌ಡೇಲ್ ಅಂತ ಮಾಲ್ ಇದೆ, ವಾಕಿಂಗ್ ಅದರೊಳಗೇ ಮಾಡಬಹುದು, ಪ್ರಪಂಚದ ಮೊದಲ ಮಾಲ್ ಅದು" ಅನ್ನುತ್ತಾಳೆ. ನಿಜವೇ? ನೀವು ಅಲ್ಲಿ ಇದ್ದು ಬಂದಿರುವುದಾಗಿ ಹಿಂದೊಮ್ಮೆ ಬರೆದಿದ್ದಿರಿ. ಅದರ ಕಥೆ ಹೇಳಿ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಕಾಗದ ಓದಿದ ಕೂಡಲೇ ನನಗೆ ಆ ಮಾಲಿನ ಬೆಂಚು ನೆನಪಾಯಿತು. ಮೊಮ್ಮಗ ಹುಟ್ಟಿದಾಗ ಆರು ತಿಂಗಳು ಅಲ್ಲಿದ್ದೆ. ಜನವರಿಯಲ್ಲಿ ಬಾಗಿಲು ತೆಗೆದು ಒಂದು ಸಲ ಉಸಿರು ಎಳೆದರೆ ಸಾಕು, ಮೂಗಿನೊಳಗಿನ ತೇವವೂ ಗಟ್ಟಿಯಾಗುತ್ತಿತ್ತು. ಮಗ ಬೆಳಗ್ಗೆ ಕೆಲಸಕ್ಕೆ ಹೋಗುವಾಗ ನನ್ನನ್ನು ಸೌತ್‌ಡೇಲ್‌ನಲ್ಲಿ ಇಳಿಸಿ ಹೋಗುತ್ತಿದ್ದ. ಅಂಗಡಿಗಳು ಇನ್ನೂ ತೆಗೆದಿರುತ್ತಿರಲಿಲ್ಲ. ನನ್ನ ವಯಸ್ಸಿನ ಹತ್ತಾರು ಜನ ಬಿಳಿ ಶೂ ಹಾಕಿಕೊಂಡು ಸುತ್ತು ಹಾಕುತ್ತಿದ್ದರು. ನಾನೂ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಅವರ ಹಿಂದೆ ನಡೆಯುತ್ತಿದ್ದೆ.

ಮೊದಲ ಮಾಲ್ ಹೌದೋ ಅಲ್ಲವೋ ಅಂದರೆ, ಮಗಳ ಮಾತು ಮುಕ್ಕಾಲು ನಿಜ. ಅಂಗಡಿಗಳನ್ನೆಲ್ಲ ಒಂದೇ ಕಡೆ ಸೇರಿಸಿ ಕಟ್ಟುವುದು ಅದಕ್ಕೂ ಹಳೆಯದು. ಕಾನ್ಸಾಸ್ ಸಿಟಿಯ ಕಂಟ್ರಿ ಕ್ಲಬ್ ಪ್ಲಾಜಾ 1920ರ ದಶಕದ್ದು. ಸಿಯಾಟಲ್‌ನ ನಾರ್ತ್‌ಗೇಟ್ 1950ರದ್ದು. ಆದರೆ ಅಲ್ಲೆಲ್ಲ ಅಂಗಡಿಯಿಂದ ಅಂಗಡಿಗೆ ಹೋಗುವಾಗ ತಲೆಯ ಮೇಲೆ ಆಕಾಶವೇ. ವಿಸ್ಕಾನ್ಸಿನ್‌ನ ಆಪಲ್‌ಟನ್ ಊರಿನವರು 1955ರ ತಮ್ಮ ವ್ಯಾಲಿ ಫೇರ್ ಮಾಲಿಗೇ ಮೊದಲು ಸೂರು ಬಂದದ್ದು ಅನ್ನುತ್ತಾರೆ. ಅದು ಸಣ್ಣದು. ಪ್ರಪಂಚವೆಲ್ಲ ನೋಡಿ ನಕಲು ಮಾಡಿದ್ದು ಮಾತ್ರ 1956ರ ಅಕ್ಟೋಬರ್ 8ರಂದು ಎಡೈನಾ ಎಂಬ ಹೊರವಲಯದ ಊರಿನಲ್ಲಿ ಬಾಗಿಲು ತೆಗೆದ ಈ ಸೌತ್‌ಡೇಲನ್ನೇ.

ಅದನ್ನು ಕಟ್ಟಿದವರ ಕಥೆ ಹೇಳದಿದ್ದರೆ ನನಗೆ ಸಮಾಧಾನವಾಗುವುದಿಲ್ಲ. ವಿಕ್ಟರ್ ಗ್ರೂಯೆನ್ ಅಂತ. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. ಹಗಲು ಕಟ್ಟಡಗಳ ನಕ್ಷೆ ಬರೆಯುವ ಕೆಲಸ, ರಾತ್ರಿ ನಾಟಕದ ಹುಚ್ಚು. 1938ರಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿದ ಮೇಲೆ ಊರು ಬಿಟ್ಟು ನ್ಯೂಯಾರ್ಕಿಗೆ ಬಂದರು. ಕೈಯಲ್ಲಿದ್ದದ್ದು ಎಂಟು ಡಾಲರ್ ಅನ್ನುತ್ತಾರೆ. ಅಂಗಡಿಗಳ ಮುಂಭಾಗ ಚೆಂದ ಮಾಡಿಕೊಡುತ್ತಾ ಹೆಸರು ಮಾಡಿದರು.

ಅಮೆರಿಕದ ಊರುಗಳು ಅವರಿಗೆ ಒಗ್ಗಲಿಲ್ಲ. ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ, ನಡುವೆ ಬರೀ ಕಾರು. ವಿಯೆನ್ನಾದಲ್ಲಿ ಜನ ನಡೆಯುತ್ತಾರೆ, ಚೌಕದಲ್ಲಿ ಕೂರುತ್ತಾರೆ, ಒಂದು ಕಾಫಿ ತಗೊಂಡು ಗಂಟೆಗಟ್ಟಲೆ ಮಾತಾಡುತ್ತಾರೆ. ನಮ್ಮಲ್ಲಿ ಅರಳಿಕಟ್ಟೆ ಇರುತ್ತಲ್ಲ, ಹಾಗೆ. ಅಂಥ ಒಂದು ಕಟ್ಟೆಯನ್ನು ಈ ಕಾರಿನ ಊರುಗಳಿಗೆ ಕೊಡಬೇಕು ಅನ್ನುವುದು ಅವರ ಆಸೆ. ಅಂಗಡಿಗಳು ಅದಕ್ಕೊಂದು ನೆಪ.

ದುಡ್ಡು ಹಾಕಿದವರು ಮಿನಿಯಾಪೊಲಿಸ್‌ನ ಡೇಟನ್ ಮನೆತನ. ಪೇಟೆಯ ದೊಡ್ಡ ಅಂಗಡಿ ಅವರದು. ಟಾರ್ಗೆಟ್ ಅಂಗಡಿಗಳನ್ನು 1962ರಲ್ಲಿ ಶುರು ಮಾಡಿದವರೂ ಇವರೇ. ಎಡೈನಾದಲ್ಲಿ 463 ಎಕರೆ ಜಮೀನು ಕೈಗೆ ಬಂದಿತ್ತು. ಗ್ರೂಯೆನ್ ಬರೆದ ನಕ್ಷೆಯಲ್ಲಿ ಮಾಲ್ ಒಂದು ತುಂಡು ಮಾತ್ರ. ಸುತ್ತ ಮನೆಗಳು, ಶಾಲೆ, ವೈದ್ಯರ ಕಟ್ಟಡ, ಪಾರ್ಕು, ಒಂದು ಕೆರೆ!

ಸೂರು ಹಾಕಲು ಕಾರಣ ನಿಮ್ಮನ್ನು ಹೆದರಿಸುತ್ತಿರುವ ಆ ಚಳಿಯೇ. ಹೊರಗೆ ಹಿಮ ಬೀಳಲಿ, ಬೇಸಿಗೆಯ ಸೆಕೆ ಇರಲಿ, ಒಳಗೆ ವರ್ಷವಿಡೀ ಸುಮಾರು 24 ಡಿಗ್ರಿ ಸೆಲ್ಸಿಯಸ್ ಅಂತ ಮಾತು ಕೊಟ್ಟರು. ಇನ್ನೊಂದು ಜಾಣತನ ನನಗೆ ಕಾರು ಕಳೆದುಕೊಂಡ ದಿನ ಅರ್ಥವಾಯಿತು. ಬೆಳಗ್ಗೆ ಒಂದು ಬಾಗಿಲಿನಿಂದ ನೇರ ಒಳಗೆ ಬಂದಿದ್ದೆವು, ಮೆಟ್ಟಿಲು ಹತ್ತಿರಲಿಲ್ಲ. ಮಧ್ಯಾಹ್ನ ಎಸ್ಕಲೇಟರ್ ಹತ್ತಿ ಮೇಲಿನ ಮಹಡಿಗೆ ಹೋದರೆ ಅಲ್ಲೂ ಬಾಗಿಲು, ಅದರಾಚೆಗೂ ಕಾರುಗಳು! ಮೇಲಿನ ಮಹಡಿಯ ಮುಂದೆ ಕಾರು ಹೇಗೆ ಬಂತು ಅಂತ ದಿಕ್ಕೆಟ್ಟು ನಿಂತೆ. ನೆಲವನ್ನು ಇಳಿಜಾರು ಮಾಡಿ, ಒಂದು ಕಡೆಯಿಂದ ಬಂದವರು ಕೆಳಗಿನ ಮಹಡಿಗೂ ಇನ್ನೊಂದು ಕಡೆಯಿಂದ ಬಂದವರು ಮೇಲಿನ ಮಹಡಿಗೂ ನೇರ ಕಾಲಿಡುವ ಹಾಗೆ ಮಾಡಿದ್ದಾರೆ. ಎರಡೂ ಮಹಡಿಗೆ ಒಂದೇ ಥರ ವ್ಯಾಪಾರ. ಮೇಲಿನ ಅಂಗಡಿಯವನು ನೊಣ ಹೊಡೆಯುತ್ತಾ ಕೂರಬೇಕಾಗಿಲ್ಲ.

ಡೇಟನ್ ಅವರು ತಮ್ಮ ಎದುರಾಳಿ ಡೊನಾಲ್ಡ್‌ಸನ್ಸ್ ಅಂಗಡಿಗೂ ಅದೇ ಸೂರಿನಡಿ ಜಾಗ ಕೊಟ್ಟರು. ಯಾರಾದರೂ ವೈರಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರಾ? ಆದರೆ ಚಿಕ್ಕಪೇಟೆಗೆ ಸೀರೆಗೆ ಹೋದವರು ಒಂದೇ ಅಂಗಡಿ ನೋಡಿ ಬರುವುದಿಲ್ಲ, ಅಲ್ವಾ? ಹತ್ತು ಅಂಗಡಿ ಇದ್ದರೇನೇ ಜನ ಬರುವುದು. ಇಲ್ಲೂ ಅದೇ ಲೆಕ್ಕ. ದೊಡ್ಡ ಅಂಗಡಿ ಎರಡು, ಒಂದರಿಂದ ಇನ್ನೊಂದಕ್ಕೆ ಓಡಾಡುವವರ ಕಣ್ಣಿಗೆ ಬೀಳುವ ಹಾಗೆ ನಡುವೆ ಚಿಕ್ಕವು. ಒಟ್ಟು 72. ಖರ್ಚಾದದ್ದು 2 ಕೋಟಿ ಡಾಲರ್.

ಮಧ್ಯದಲ್ಲಿ ಗ್ರೂಯೆನ್ ಮನಸ್ಸಿಟ್ಟು ಮಾಡಿದ ಅಂಗಳ. ಗಿಡಗಳು, ಮೀನಿನ ಕೊಳ, ಎತ್ತರದ ಪಂಜರದಲ್ಲಿ ಬಣ್ಣದ ಹಕ್ಕಿಗಳು, ಕಾಫಿ ಕುಡಿಯಲು ಮೇಜುಗಳು. ಹ್ಯಾರಿ ಬರ್ಟೋಯಾ ಎಂಬ ಕಲಾವಿದ ಲೋಹದಲ್ಲಿ ಮಾಡಿದ ಚಿನ್ನದ ಬಣ್ಣದ ಮರಗಳು. ನನ್ನ ಬೆಂಚು ಇದ್ದದ್ದು ಆ ಅಂಗಳದಲ್ಲೇ. ಏನೂ ಕೊಳ್ಳದೆ ಒಂದು ಗಂಟೆ ಕೂತರೂ ಯಾರೂ ಎಬ್ಬಿಸುತ್ತಿರಲಿಲ್ಲ.

ಎಲ್ಲರೂ ಮೆಚ್ಚಲಿಲ್ಲ. ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಬಂದು ನೋಡಿ, ಹಳ್ಳಿಯ ಬೀದಿಯ ಕೆಡುಕೆಲ್ಲ ಇಲ್ಲಿದೆ, ಅದರ ಸೊಗಸು ಮಾತ್ರ ಇಲ್ಲ ಅಂದರು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಅಷ್ಟು ದೊಡ್ಡವರು ಒಂದು ಜನವರಿ ಅಲ್ಲಿ ಮುದುಕರ ಜೊತೆ ನಡೆದು ನೋಡಬೇಕಿತ್ತು.

ಗ್ರೂಯೆನ್‌ಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಮಾಲ್ ಬಂತು, ನಕ್ಷೆಯಲ್ಲಿದ್ದ ಊರು ಬರಲಿಲ್ಲ. ಮಾಲಿನ ಸುತ್ತ ಉಳಿದದ್ದು ಕಾರು ನಿಲ್ಲಿಸುವ ಡಾಂಬರು ಬಯಲು. ಅತ್ತ 1954ರಲ್ಲಿ ಅಮೆರಿಕ ಸರ್ಕಾರ ತೆರಿಗೆ ಕಾನೂನು ಬದಲಿಸಿತ್ತು. ಹೊಸ ಕಟ್ಟಡದ ಸವಕಳಿಯನ್ನು, ಅಂದರೆ ಹಳತಾಗುತ್ತಾ ಇಳಿಯುವ ಬೆಲೆಯನ್ನು, ಮೊದಲ ವರ್ಷಗಳಲ್ಲೇ ಜಾಸ್ತಿ ತೋರಿಸಿ ತೆರಿಗೆ ಉಳಿಸಬಹುದಾಯಿತು. ಹಳೆಯ ಪೇಟೆಯ ಅಂಗಡಿ ರಿಪೇರಿ ಮಾಡುವುದಕ್ಕಿಂತ ಹೊಲದಲ್ಲಿ ಹೊಸ ಮಾಲ್ ಎಬ್ಬಿಸುವುದೇ ಲಾಭ. ಜನ ಬೇಕೋ ಬೇಡವೋ, ಊರೂರಿಗೂ ಮಾಲ್ ಬಂತು. ಹಳೆಯ ಪೇಟೆಬೀದಿಗಳು ಬಿಕೋ ಅನ್ನತೊಡಗಿದವು.

1968ರಲ್ಲಿ ಗ್ರೂಯೆನ್ ವಿಯೆನ್ನಾಕ್ಕೆ ವಾಪಸಾದರು. 1976ರಲ್ಲಿ ಅಲ್ಲೂ ಊರ ಹೊರಗೆ ಒಂದು ದೊಡ್ಡ ಮಾಲ್ ತೆರೆಯಿತು. ತಾವು ಹುಟ್ಟಿ ಬೆಳೆದ ಪೇಟೆಯ ಚಿಕ್ಕ ಅಂಗಡಿಗಳಿಗೆ ಅದರಿಂದ ಕುತ್ತು ಬರುವುದನ್ನು ಅವರು ಕಣ್ಣಾರೆ ನೋಡಬೇಕಾಯಿತು. 1978ರಲ್ಲಿ ಲಂಡನ್ನಿನ ಭಾಷಣದಲ್ಲಿ, ಈ ಹಾದರಕ್ಕೆ ಹುಟ್ಟಿದ ಮಾಲ್‌ಗಳಿಗೆಲ್ಲ ನಾನು ಜೀವನಾಂಶ ಕೊಡುವುದಿಲ್ಲ ಅಂದುಬಿಟ್ಟರು. 1980ರಲ್ಲಿ ತೀರಿಕೊಂಡರು. ಈ ಭಾಗ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸೌತ್‌ಡೇಲ್ ಇನ್ನೂ ಇದೆ. 1992ರಲ್ಲಿ ಹತ್ತಿರದಲ್ಲೇ ಬೃಹತ್ತಾದ ಮಾಲ್ ಆಫ್ ಅಮೆರಿಕ ಬಂದರೂ ಉಳಿದುಕೊಂಡಿತು. 2014ರಲ್ಲಿ ಅದರ ಪಾರ್ಕಿಂಗ್ ಜಾಗದ ಒಂದು ಮೂಲೆಯಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಗ್ರೂಯೆನ್ ಕೇಳಿದ್ದ ಮನೆಗಳು, 58 ವರ್ಷ ತಡವಾಗಿ.

ಪ್ರಶ್ನೆ: 'ಮಾಲ್' ಅಂದರೆ ಮಾಲು, ಸರಕು ಅಂತಲೇ?
– ಓದುಗರೊಬ್ಬರು, ಗದಗ

ಉತ್ತರ: ಅಲ್ಲ. ನಮ್ಮ 'ಮಾಲು' ಅರಬ್ಬಿಯಿಂದ ಬಂದದ್ದು. ಇದು ಬೇರೆ. ಹಿಂದೆ ಯುರೋಪಿನಲ್ಲಿ ಮರದ ಸುತ್ತಿಗೆಯಿಂದ ಚೆಂಡು ಹೊಡೆಯುವ 'ಪಾಲ್ ಮಾಲ್' ಎಂಬ ಆಟ ಇತ್ತು. ಆಡುವ ಉದ್ದನೆಯ ಜಾಗಕ್ಕೂ ಅದೇ ಹೆಸರು ಬಂತು. ಲಂಡನ್ನಿನ ಅಂಥ ಒಂದು ಸಾಲುಮರದ ದಾರಿ 'ದಿ ಮಾಲ್' ಆಯಿತು. ಆಮೇಲೆ ಜನ ಅಡ್ಡಾಡುವ ದಾರಿಗೆಲ್ಲ ಮಾಲ್ ಅಂದರು. ಅಂಗಡಿಗಳ ನಡುವಿನ ಓಡಾಟದ ಜಾಗದಿಂದ ಕೊನೆಗೆ ಇಡೀ ಕಟ್ಟಡಕ್ಕೇ ಹೆಸರು ಅಂಟಿತು.

ಪ್ರಶ್ನೆ: ಒಂದು ಬೆಡ್‌ಶೀಟಿಗೆ ಅಂತ ಮಾಲಿಗೆ ಹೋಗಿ ನಾಲ್ಕು ಚೀಲ ಹಿಡಿದು ಬರುತ್ತೇನೆ. ತಪ್ಪು ನನ್ನದೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮೊಬ್ಬರದೇ ಅಲ್ಲ. ಬೆಳಕು, ಹಾಡು, ಗಾಜಿನ ಹಿಂದಿನ ಗೊಂಬೆ ನೋಡುತ್ತಾ ಬಂದ ಕೆಲಸ ಮರೆತು ಸುಮ್ನೆ ಸುತ್ತುವ ಗಳಿಗೆಗೆ 'ಗ್ರೂಯೆನ್ ಟ್ರಾನ್ಸ್‌ಫರ್' ಅನ್ನುತ್ತಾರೆ. ಹೌದು, ಮೇಲೆ ಹೇಳಿದ ಗ್ರೂಯೆನ್ ಅವರದೇ ಹೆಸರು. ಜನ ಕೂತು ಮಾತಾಡಲಿ ಅಂತ ಅಂಗಳ ಮಾಡಿದವರಿಗೆ ಈ ಹೆಸರು ಅಂಟಿದ್ದು ಅನ್ಯಾಯ ಅಂತಲೇ ನನ್ನ ಅನಿಸಿಕೆ. ನಾನು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ. ಚೀಟಿಯಲ್ಲಿ ಇಲ್ಲದ್ದು ಕಣ್ಣಿಗೆ ಬಿದ್ದರೆ ಮೊದಲು ಒಂದು ಕಡೆ ಕೂರುತ್ತೇನೆ. ಹತ್ತು ನಿಮಿಷ ಕೂತರೆ ಬೇಕೋ ಬೇಡವೋ ಗೊತ್ತಾಗುತ್ತದೆ.