ಬೇಲಿಫ್ ಪತ್ರ ಬಂದಿದೆ ಅಂದ ತಮ್ಮನಿಗೆ

"ಅಕ್ಕ, ಕೌನ್ಸಿಲ್ ಟ್ಯಾಕ್ಸ್ ಬಾಕಿ ಅಂತ ಬೇಲಿಫ್ ಕಂಪನಿಯಿಂದ ಪತ್ರ ಬಂದಿದೆ. 1,300 ಪೌಂಡ್ ಚಿಲ್ಲರೆ ಕೇಳ್ತಿದ್ದಾರೆ. ಬಾಗಿಲು ಒಡೆದು ಒಳಗೆ ಬರ್ತಾರಾ? ಜೈಲಿಗೆ ಹಾಕ್ತಾರಾ? ವೀಸಾ ಹೋಗುತ್ತಾ? ಸುಮ್ನೆ ಮನೆ ಬದಲಿಸಿಬಿಡಲಾ?" ಅಂತ ಕೇಳಿದ್ದೀಯ. ಅಕ್ಕ ಅಂದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. (ಓದುವ ಬೇರೆಯವರಿಗೆ: ಕೌನ್ಸಿಲ್ ಟ್ಯಾಕ್ಸ್ ಅಂದರೆ ಇಲ್ಲಿ ಬ್ರಿಟನ್ನಿನಲ್ಲಿ ಊರಿನ ಆಡಳಿತಕ್ಕೆ, ಅಂದರೆ ಕೌನ್ಸಿಲ್‌ಗೆ, ಕಟ್ಟುವ ಮನೆ ತೆರಿಗೆ. ಬೇಲಿಫ್ ಅಂದರೆ ಬಾಕಿ ವಸೂಲಿಗೆ ಬರುವ, ಸಾಮಾನು ಜಪ್ತಿ ಮಾಡುವ ಅಮೀನ.)

ಮನೆ ಬದಲಿಸಬೇಡ. ಬಾಕಿ ಇರುವುದು ನಿನ್ನ ಹೆಸರಲ್ಲಿ, ಮನೆಯ ಹೆಸರಲ್ಲಲ್ಲ. ಹೊಸ ವಿಳಾಸಕ್ಕೂ ಬರುತ್ತಾರೆ, ಖರ್ಚು ಇನ್ನಷ್ಟು ಬೆಳೆದಿರುತ್ತದೆ. ವೀಸಾ ಇಷ್ಟಕ್ಕೇ ಹೋಗುವುದಿಲ್ಲ. ಆದರೆ ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ನಡತೆ ನೋಡುತ್ತಾರೆ, ಅಲ್ಲಿ ತೆರಿಗೆ ಬಾಕಿಯೂ ಲೆಕ್ಕಕ್ಕೆ ಬರುತ್ತದೆ. ಅಷ್ಟರೊಳಗೆ ತೀರಿಸಿಕೊಂಡಿರು. ಜೈಲಿನ ವಿಷಯ: ಇಂಗ್ಲೆಂಡಿನಲ್ಲಿ 3 ತಿಂಗಳವರೆಗೆ ಕಳಿಸುವ ಕಾನೂನು ಇದೆ. ವೇಲ್ಸ್‌ನಲ್ಲಿ 2019ರಲ್ಲಿ ತೆಗೆದುಹಾಕಿದರು. ಇಂಗ್ಲೆಂಡಿನಲ್ಲೂ ಜೈಲು ಕೈಯಲ್ಲಿ ದುಡ್ಡಿದ್ದೂ ಬೇಕಂತಲೇ ಕಟ್ಟದವರಿಗೆ, ಅದೂ ಮ್ಯಾಜಿಸ್ಟ್ರೇಟ್ ವಿಚಾರಣೆ ಮಾಡಿದ ಮೇಲೆ. ಬೇಲಿಫ್‌ಗೆ ನಿನ್ನನ್ನು ಹಿಡಿದುಕೊಂಡು ಹೋಗುವ ಅಧಿಕಾರ ಇಲ್ಲ. ಅದನ್ನು ತಲೆಯಿಂದ ತೆಗೆದುಹಾಕು.

ಬಾಗಿಲಿನ ವಿಷಯ ಮಾತ್ರ ನಿಧಾನವಾಗಿ ಹೇಳಬೇಕು. ಅದಕ್ಕೆ ಮೊದಲು ಇನ್ನೊಂದು. ನೀನು ಅಷ್ಟು ದುಡ್ಡು ಕೊಡಬೇಕಾಗಿಯೇ ಇಲ್ಲ ಅಂತ ನನಗೆ ಅನಿಸುತ್ತಿದೆ.

ನಮ್ಮೂರಲ್ಲಿ ಮನೆ ಕಂದಾಯ ಮಾಲೀಕನ ತಲೆನೋವು. ಬಾಡಿಗೆಯವರು ಕರೆಂಟು, ನೀರಿನ ಬಿಲ್ಲು ಕಟ್ಟಿದರೆ ಮುಗಿಯಿತು. ಬಾಕಿ ಉಳಿಸಿಕೊಂಡ ದೊಡ್ಡ ಕಟ್ಟಡಗಳ ಮುಂದೆ ಬೆಂಗಳೂರಿನ ಪಾಲಿಕೆಯವರು ತಮಟೆ ಬಡಿಸಿದ್ದು ನಿನಗೂ ಗೊತ್ತಿರಬಹುದು, ಅಲ್ಲಿಯೂ ಮಾನ ಹೋಗಿದ್ದು ಮಾಲೀಕರದೇ. ಇಲ್ಲಿ ಹಾಗಲ್ಲ. ಮನೆಯಲ್ಲಿ ವಾಸ ಇರುವವನು ಕಟ್ಟಬೇಕು. ನೀನು ಓದುವಾಗ ಮನೆಯಲ್ಲಿದ್ದ ನೀವು ಮೂವರೂ ಫುಲ್ ಟೈಮ್ ವಿದ್ಯಾರ್ಥಿಗಳು, ಹಾಗಾಗಿ ಮನೆಗೆ ಪೂರ್ತಿ ವಿನಾಯಿತಿ ಇತ್ತು. ನಿನ್ನ ಎಂಎಸ್ಸಿ ಮುಗಿದ ದಿನವೇ ನಿನ್ನ ಮಟ್ಟಿಗೆ ಅದು ಮುಗಿಯಿತು. ಗ್ರಾಜುಯೇಷನ್ ದಿನ ಅಲ್ಲ, ಓದು ಮುಗಿದ ಮೇಲೆ ಕೆಲಸ ಮಾಡಲು ಕೊಡುವ ಗ್ರಾಜುಯೇಟ್ ವೀಸಾ ಬಂದ ದಿನವೂ ಅಲ್ಲ. ಯೂನಿವರ್ಸಿಟಿ ಕೊಡುವ ಪತ್ರದಲ್ಲಿ ಕೋರ್ಸ್ ಮುಗಿಯುವ ತಾರೀಖು ಅಂತ ಇರುತ್ತದಲ್ಲ, ಅದು. ನಿನ್ನ ಹಾಗೆ ಎಷ್ಟು ಹುಡುಗರು ಇಲ್ಲೇ ಎಡವಿ ಬೀಳುತ್ತಾರೋ.

ನಿನ್ನ ಜೊತೆಗಿರುವ ಇಬ್ಬರು ಇನ್ನೂ ಓದುತ್ತಿದ್ದಾರೆ ಅಂದಿದ್ದೀಯ. ಹಾಗಾದರೆ ಅಗ್ರಿಮೆಂಟ್‌ನಲ್ಲಿ ಮೂವರ ಹೆಸರಿದ್ದರೂ ಬಿಲ್ಲು ನಿನ್ನೊಬ್ಬನಿಗೇ. ಓದುವವರನ್ನು ಹೊಣೆ ಮಾಡುವ ಹಾಗಿಲ್ಲ. ಅನ್ಯಾಯ ಅನ್ನಿಸುತ್ತೆ, ಆದರೆ ಕಾನೂನು ಹಾಗಿದೆ. ಅವರು ಪಾಲು ಕೊಟ್ಟರೆ ಅದು ಅವರ ದೊಡ್ಡತನ. ಇದರಲ್ಲೊಂದು ಒಳ್ಳೆಯದೂ ಇದೆ. ಓದುವವರನ್ನು ಲೆಕ್ಕದಿಂದ ಬಿಟ್ಟರೆ ಮನೆಯಲ್ಲಿ ಉಳಿಯುವ ದೊಡ್ಡವನು ನೀನೊಬ್ಬನೇ, ಅಂದರೆ 25% ರಿಯಾಯಿತಿ ಸಿಗಬೇಕು. ನಿನ್ನ ಬಿಲ್ಲಿನಲ್ಲಿ ಅದು ಇದೆಯಾ ನೋಡು. ಇಲ್ಲದಿದ್ದರೆ ಅವರಿಬ್ಬರ ವಿದ್ಯಾರ್ಥಿ ಸರ್ಟಿಫಿಕೇಟ್ ಕೌನ್ಸಿಲ್‌ಗೆ ಕಳಿಸು, ಹಿಂದಿನ ತಿಂಗಳುಗಳಿಗೂ ಸೇರಿಸಿ ಬಿಲ್ಲು ತಿದ್ದಲು ಕೇಳು. ಮೂವರೂ ಬೇರೆ ಬೇರೆ ಅಗ್ರಿಮೆಂಟ್ ಮಾಡಿಕೊಂಡು ಒಂದೊಂದು ರೂಮು ಹಿಡಿದಿದ್ದರೆ ಕಥೆಯೇ ಬೇರೆ, ಆಗ ಸಾಮಾನ್ಯವಾಗಿ ಮನೆ ಮಾಲೀಕನೇ ಕಟ್ಟಬೇಕು. ಇವತ್ತೇ ಅಗ್ರಿಮೆಂಟ್ ತೆಗೆದು ಓದು.

ವೀಸಾದಲ್ಲಿ ಪಬ್ಲಿಕ್ ಫಂಡ್ಸ್, ಅಂದರೆ ಸರ್ಕಾರದ ನೆರವು, ಇಲ್ಲ ಅಂತ ಬರೆದಿದೆ, ರಿಯಾಯಿತಿ ಕೇಳಬಹುದಾ ಅಂತ ಹೆದರಬೇಡ. ಈ 25% ಪಬ್ಲಿಕ್ ಫಂಡ್ ಅಲ್ಲ. ಆದಾಯ ಕಡಿಮೆ ಇರುವವರಿಗೆ ಕೊಡುವ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಅನ್ನುವುದು ಪಬ್ಲಿಕ್ ಫಂಡ್. ಫೋನಿನಲ್ಲಿ ಯಾರಾದರೂ ಪಾಪ ಅಂತ ಅದಕ್ಕೆ ಅರ್ಜಿ ಹಾಕು ಅಂದರೂ ಹಾಕಬೇಡ.

ಈಗ ಬಾಗಿಲು.

ನಾವು 2007ರಲ್ಲಿ ತಿಪಟೂರಿನಿಂದ ಬಂದವರು. ನಮ್ಮ ಮನೆಯವರಿಗೆ ಎಚ್‌ಎಸ್‌ಎಂಪಿ ವೀಸಾ (ಹೆಚ್ಚು ಕೌಶಲ ಇರುವವರಿಗೆ ಆಗ ಕೊಡುತ್ತಿದ್ದದ್ದು) ಸಿಕ್ಕಿತ್ತು, ಸಾಫ್ಟ್‌ವೇರ್ ಕಾಂಟ್ರಾಕ್ಟ್ ಕೆಲಸ. ಬಂದ ಹೊಸದರಲ್ಲಿ ಬಾಗಿಲ ಹಿಂದೆ ಬೀಳುವ ಕಾಗದಗಳಲ್ಲಿ ಯಾವುದು ಜಾಹೀರಾತು, ಯಾವುದು ಸರ್ಕಾರದ್ದು ಅಂತಲೂ ಗೊತ್ತಾಗುತ್ತಿರಲಿಲ್ಲ. 2009ರಲ್ಲಿ ಕಂಪನಿಗಳೆಲ್ಲ ಕೈ ಎತ್ತಿದವು. ಇವರ ಕಾಂಟ್ರಾಕ್ಟ್ ಮುಗಿಯಿತು, ಇನ್ನೊಂದು ಸಿಗಲಿಲ್ಲ. ನಾನು ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಆ ಸಂಬಳದಲ್ಲಿ ಬಾಡಿಗೆ ಹೋಗುತ್ತಿತ್ತು, ಕೌನ್ಸಿಲ್ ಟ್ಯಾಕ್ಸ್ ಉಳಿಯುತ್ತಿತ್ತು. ಅದೇ ಹೊತ್ತಿಗೆ ಅತ್ತೆ ಬಂದಿದ್ದರು. ಟಿಕೆಟ್ ಮೊದಲೇ ತೆಗೆದಿತ್ತು, ಬರಬೇಡಿ ಅನ್ನಲು ಬಾಯಿ ಬರಲಿಲ್ಲ. ಮಗನಿಗೆ ಕೆಲಸ ಹೋಗಿದೆ ಅಂತಲೂ ಅವರಿಗೆ ಗೊತ್ತಿರಲಿಲ್ಲ. ಇವರು ಬೆಳಿಗ್ಗೆ ಶರ್ಟು ಇಸ್ತ್ರಿ ಮಾಡಿಕೊಂಡು ಹೊರಟು ಲೈಬ್ರರಿಯಲ್ಲಿ ಕೂತು ಅರ್ಜಿ ಹಾಕುತ್ತಿದ್ದರು.

ಒಂದು ದಿನ ನಾವಿಬ್ಬರೂ ಇಲ್ಲದಾಗ ಬೇಲಿಫ್ ಬಂದ. ಅತ್ತೆ ಬಾಗಿಲು ತೆಗೆದರು. ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸಿ ಅವರ ಜನ್ಮದಲ್ಲಿ ಅಭ್ಯಾಸ ಇಲ್ಲ. ಕಮ್, ಕಮ್ ಅಂತ ಒಳಗೆ ಕರೆದು ಸೋಫಾದಲ್ಲಿ ಕೂರಿಸಿದರು. ಊರಿಂದ ತಂದ ಕಾಫಿಪುಡಿಯ ಡಿಕಾಕ್ಷನ್ ಇತ್ತು, ಕಾಫಿ ಮಾಡಿಕೊಟ್ಟರು. ಚಕ್ಕುಲಿಯನ್ನೂ ಇಟ್ಟರು. ಅವನು ಕುಡಿದ, ಎದ್ದ, ಮನೆಯಲ್ಲಿದ್ದ ಸಾಮಾನು ಒಂದೊಂದೇ ಬರೆದುಕೊಂಡ. ಟಿವಿ, ಊಟದ ಮೇಜು, ಕುರ್ಚಿ ನಾಲ್ಕು. ಅತ್ತೆ ಲಗೇಜಿನಲ್ಲಿ ಸೀರೆ ಸುತ್ತಿ ತಂದಿದ್ದ ಪುಟ್ಟ ಗ್ರೈಂಡರ್ ಏನು ಅಂತ ಅವನಿಗೆ ಗೊತ್ತಾಗಲಿಲ್ಲ, 'ಕಿಚನ್ ಮೆಷಿನ್' ಅಂತ ಬರೆದಿದ್ದ. ಸಹಿ ಹಾಕಿ ಅಂದ. ಹಾಕಿದರು, ಕನ್ನಡದಲ್ಲಿ. ನಾನು ಬಂದಾಗ ಮೇಜಿನ ಮೇಲೆ ಕಾಪಿ ಇತ್ತು, ಪಕ್ಕದಲ್ಲಿ ತೊಳೆಯದ ಲೋಟ. "ಕೌನ್ಸಿಲ್ಲಿಂದ ಯಾರೋ ಬಂದಿದ್ರು ಕಣೇ, ಒಳ್ಳೆ ಮನುಷ್ಯ" ಅಂದರು.

ಸಾಮಾನು ತೆಗೆದುಕೊಂಡು ಹೋಗಲಿಲ್ಲ. ನನ್ನ ಬಳೆ ಮಾರಿ ಕಟ್ಟಿದೆವು. ಬಳೆ ಆಮೇಲೆ ಮಾಡಿಸಿಕೊಂಡೆ, ಅದರ ಚಿಂತೆ ಇಲ್ಲ. ಆದರೆ ವಿಷಯ ತಿಳಿದ ಮೇಲೆ ಅತ್ತೆ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನನ್ನಿಂದಾಯಿತು, ಜಪ್ತಿ ಮಾಡುವ ಅಮೀನನಿಗೆ ಕಾಫಿ ಕೊಟ್ಟು ಕೂರಿಸಿದೆ ಅಂತ ಅದೇ ಮಾತು. ಟಿಕೆಟ್ ತಾರೀಖು ಬದಲಿಸಿಕೊಂಡು ಬೇಗನೆ ಊರಿಗೆ ಹೊರಟರು. ಆಮೇಲೆ ಎಷ್ಟು ಕರೆದರೂ ಬರಲಿಲ್ಲ. ಮಂಡಿ ನೋವು ಅನ್ನುತ್ತಿದ್ದರು. ಈಗ ಅವರಿಲ್ಲ. ನಮ್ಮ ಸ್ವಂತ ಮನೆಯನ್ನೂ ನೋಡಲಿಲ್ಲ, ಹಿಂದುಗಡೆ ಹಾಕಿರುವ ಮೆಂತ್ಯದ ಮಡಿಯನ್ನೂ ನೋಡಲಿಲ್ಲ. ಯಾರು ಬಂದರೂ ತೆಗೆಯಬೇಡಿ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮರ್ಯಾದೆ ಅಡ್ಡ ಬಂತು.

ಆಗಿನ ನಿಯಮ ಬೇರೆ. ತೆರೆದ ಕಿಟಕಿಯಿಂದ ಹತ್ತಿ ಬಂದರೂ ನಡೆಯುತ್ತಿತ್ತು. 2014ರ ಏಪ್ರಿಲ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಸ ಕಾನೂನು. (ಸ್ಕಾಟ್ಲೆಂಡಿನ ವ್ಯವಸ್ಥೆಯೇ ಬೇರೆ, ನೀನು ಅಲ್ಲಿಲ್ಲ, ಬಿಡು.) ಈಗ ಬಾಗಿಲಿಂದ ಮಾತ್ರ, ಬೆಳಿಗ್ಗೆ 6ರಿಂದ ರಾತ್ರಿ 9ರ ಒಳಗೆ. ಕೌನ್ಸಿಲ್ ಟ್ಯಾಕ್ಸ್‌ಗಾಗಿ ಮೊದಲ ಸಲ ಬಂದಾಗ ಬೀಗ ಒಡೆಯುವಂತಿಲ್ಲ, ನಿನ್ನನ್ನು ತಳ್ಳಿಕೊಂಡು ನುಗ್ಗುವಂತಿಲ್ಲ, ಬಾಗಿಲ ಸಂದಿಗೆ ಕಾಲು ಇಡುವಂತಿಲ್ಲ. ಮನೆಯಲ್ಲಿ 16 ತುಂಬದ ಮಕ್ಕಳು ಮಾತ್ರ ಇದ್ದರೆ ಒಳಗೆ ಬರುವಂತಿಲ್ಲ. ಇಂಗ್ಲಿಷ್ ಬಾರದವರನ್ನು ಕಂಡರೆ ಹುಷಾರಾಗಿ ನಡೆದುಕೊಳ್ಳಬೇಕು ಅಂತ ಸರ್ಕಾರದ ಸೂಚನೆಯೂ ಇದೆ. ಸಹಿಯನ್ನು ಸಾಲ ಇರುವವನೇ ಹಾಕಬೇಕು, ಇಲ್ಲವೇ ಅವನು ಒಪ್ಪಿಗೆ ಕೊಟ್ಟ ದೊಡ್ಡವರು. ಇದೆಲ್ಲ ಓದುವಾಗ ನನಗೆ ಅತ್ತೆಯ ಆ ಸಹಿ ಕಣ್ಣಿಗೆ ಬರುತ್ತದೆ.

ಆದರೆ ಚಿಲಕ ಹಾಕದ ಬಾಗಿಲನ್ನು ಅವರೇ ತೆಗೆದುಕೊಂಡು ಬರಬಹುದು. ನೀನಾಗಿ ಬನ್ನಿ ಅಂದರೂ ಬರಬಹುದು. ಒಂದು ಸಲ ಒಳಗೆ ಬಂದು ಸಾಮಾನಿನ ಪಟ್ಟಿಗೆ ನಿನ್ನ ಸಹಿ ಬಿತ್ತೋ, ಅದಕ್ಕೆ ಕಂಟ್ರೋಲ್ಡ್ ಗೂಡ್ಸ್ ಅಗ್ರಿಮೆಂಟ್ ಅನ್ನುತ್ತಾರೆ, ಆಮೇಲೆ ಕಂತು ತಪ್ಪಿದರೆ ನೋಟಿಸ್ ಕೊಟ್ಟು ಬಾಗಿಲು ಒಡೆದೇ ಬರಬಹುದು. ಎಲ್ಲ ನಿಂತಿರುವುದು ಆ ಮೊದಲ ಸಲದ ಮೇಲೆ. ಹಾಗಾಗಿ ಬಾಗಿಲಿಗೆ ಯಾವಾಗಲೂ ಒಳಗಿಂದ ಬೀಗ ಇರಲಿ. ಬಂದರೆ ಕಿಟಕಿಯಿಂದಲೋ ಲೆಟರ್ ಬಾಕ್ಸಿನ ಸಂದಿಯಿಂದಲೋ ಮಾತಾಡು. ಗುರುತಿನ ಚೀಟಿ ಸಂದಿಯಲ್ಲಿ ತೋರಿಸಲು ಹೇಳು. ಸರ್ಟಿಫಿಕೇಟ್ ಇರುವ ಬೇಲಿಫ್‌ಗಳ ಹೆಸರು ಸರ್ಕಾರದ ರಿಜಿಸ್ಟರಿನಲ್ಲಿ ಇರುತ್ತದೆ, ಆನ್‌ಲೈನಿನಲ್ಲಿ ಹುಡುಕಬಹುದು. ಟಾಯ್ಲೆಟ್ ಉಪಯೋಗಿಸಲಾ, ಒಂದು ಫೋನ್ ಮಾಡಲಾ, ಪೇಪರ್ ಒಳಗಿಟ್ಟು ಬರೆಯಲಾ ಅಂದರೂ ಬೇಡ ಅನ್ನು. ಒರಟು ಮಾತು ಬೇಡ, ನಗುತ್ತಲೇ ಬೇಡ ಅನ್ನಬಹುದು. ಜೊತೆಯ ಹುಡುಗರಿಬ್ಬರಿಗೂ ಇವತ್ತೇ ಹೇಳು. ನಾಚಿಕೆ ಆಗುತ್ತೆ, ಆಗಲಿ. ಅವರ ಲ್ಯಾಪ್‌ಟಾಪು, ಫೋನು ಮುಟ್ಟುವಂತಿಲ್ಲ, ರಸೀತಿ ಅವರ ಹತ್ತಿರ ಇರಲಿ.

ನಿನ್ನ ಹತ್ತಿರ ಹಳೇ ಕಾರಿದೆ ಅಂದೆ ಅಲ್ವಾ? ಅದನ್ನು ಮರೆಯಬೇಡ. ಮನೆ ಮುಂದೆ, ರಸ್ತೆಯಲ್ಲಿ ನಿಂತ ಕಾರಿಗೆ ಬಾಗಿಲು ತೆಗೆಸುವ ಪ್ರಶ್ನೆಯೇ ಇಲ್ಲ, ಕಾರು ಕದಲದ ಹಾಗೆ ಚಕ್ರಕ್ಕೆ ಕ್ಲ್ಯಾಂಪ್ ಹಾಕುತ್ತಾರೆ. ಕೆಲಸಕ್ಕೆ ಬೇಕೇ ಬೇಕಾದ ಸಾಮಾನಿಗೆ 1,350 ಪೌಂಡ್‌ವರೆಗೆ ರಕ್ಷಣೆ ಇದೆ, ಆದರೆ ಬರಿ ಕೆಲಸಕ್ಕೆ ಹೋಗಿಬರುತ್ತೇನೆ ಅಂದರೆ ಒಪ್ಪುವುದು ಕಷ್ಟ. ಗೆಳೆಯರ ಯಾರದಾದರೂ ಬೀಗ ಹಾಕುವ ಗ್ಯಾರೇಜ್ ಇದ್ದರೆ ಈ ಗಲಾಟೆ ಮುಗಿಯುವವರೆಗೆ ಅಲ್ಲಿಡು.

ದುಡ್ಡಿನ ಲೆಕ್ಕ ಹೀಗೆ. ಏಪ್ರಿಲ್‌ನಿಂದ ಜನವರಿಯವರೆಗೆ 10 ಕಂತು. ಒಂದು ತಪ್ಪಿದರೆ ರಿಮೈಂಡರ್, 7 ದಿನದಲ್ಲಿ ಕಟ್ಟದಿದ್ದರೆ ಇಡೀ ವರ್ಷದ್ದನ್ನು ಒಟ್ಟಿಗೇ ಕೇಳುತ್ತಾರೆ. ಆಮೇಲೆ ಸಮನ್ಸ್, ಆಮೇಲೆ ಕೋರ್ಟಿನ ಲಯಬಿಲಿಟಿ ಆರ್ಡರ್, ಅಂದರೆ ಈ ಬಾಕಿ ನಿನ್ನದೇ ಅನ್ನುವ ಆದೇಶ. ನಿನಗೆ ಅದೆಲ್ಲ ಬಂದು ಶೂ ಸ್ಟ್ಯಾಂಡಿನ ಮೇಲೆ ಬಿದ್ದಿರಬೇಕು, ಒಡೆಯದೆ. ಹುಡುಕಿ ಒಡೆ. ಈಗ ಬಂದಿರುವುದು ನೋಟಿಸ್ ಆಫ್ ಎನ್‌ಫೋರ್ಸ್‌ಮೆಂಟ್ (ವಸೂಲಿಗೆ ಬರುತ್ತೇವೆ ಅನ್ನುವ ಬೇಲಿಫ್ ಪತ್ರ) ಆದರೆ ಕನಿಷ್ಠ ಪೂರ್ತಿ 7 ದಿನ ಟೈಮು ಇದೆ, ಭಾನುವಾರ, ಬ್ಯಾಂಕ್ ರಜೆ ಬಿಟ್ಟು. 2014ರಲ್ಲಿ ಗೊತ್ತು ಮಾಡಿದ ದರದಲ್ಲಿ ಆ ಪತ್ರಕ್ಕೆ 75 ಪೌಂಡ್ ಇತ್ತು. ಮನೆ ಬಾಗಿಲಿಗೆ ಬಂದರೆ 235, ಬಾಕಿ 1,500 ದಾಟಿದ್ದರೆ ದಾಟಿದ ಮೊತ್ತಕ್ಕೆ 7.5% ಮೇಲೆ ಇತ್ತು. ಬಂದು ಬೆಲ್ ಒತ್ತಿ ಹೋದರೂ ಆ ಎರಡನೇ ಶುಲ್ಕ ಬಿತ್ತು ಅಂತ ಲೆಕ್ಕ. ಹಾಗಾಗಿ ಅವರು ಬರುವ ಮೊದಲೇ ಮಾತಾಡುವುದು ಲಾಭ.

ಮೊದಲು ಕೌನ್ಸಿಲ್‌ಗೆ ಫೋನ್ ಮಾಡು. ರಿಯಾಯಿತಿ ಹಾಕಿಲ್ಲ, ಬಿಲ್ಲು ತಪ್ಪಾಗಿದೆ, ತಿದ್ದುವವರೆಗೆ ಬೇಲಿಫ್‌ನಿಂದ ವಾಪಸ್ ತೆಗೆದುಕೊಳ್ಳಿ ಅಂತ ಕೇಳು. ಫೋನಿನಲ್ಲಿ ಹೇಳಿದ್ದನ್ನೇ ಇಮೇಲಿನಲ್ಲೂ ಹಾಕು. ಅವರು ಒಪ್ಪದಿದ್ದರೆ ಬೇಲಿಫ್ ಕಂಪನಿಗೆ ಕಂತಿನ ಲೆಕ್ಕ ಬರೆದು ಕಳಿಸು. ತಿಂಗಳಿಗೆ 300 ಕೊಡ್ತೀನಿ ಅಂತ ಜಂಬಕ್ಕೆ ಹೇಳಿ ಎರಡನೇ ತಿಂಗಳು ತಪ್ಪಿಸುವುದಕ್ಕಿಂತ 80 ಕೊಡ್ತೀನಿ ಅಂತ ಹೇಳಿ ಕೊಡುವುದು ಮೇಲು. ನಮ್ಮವರಿಗೆ ಈ ಜಂಬ ಜಾಸ್ತಿ, ನಮ್ಮ ಮನೆಯವರಿಗೂ ಇತ್ತು.

ಕೈಲಾಗದಿದ್ದರೆ ಸಾಲದ ಬಗ್ಗೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್, ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್ ಇವೆ. ಮೂರೂ ದುಡ್ಡು ಕೇಳುವುದಿಲ್ಲ. ದುಡ್ಡು ಕೇಳಿ ಸಾಲ ಬಗೆಹರಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡ. ಬ್ರೀದಿಂಗ್ ಸ್ಪೇಸ್ ಅಂತ 2021ರಲ್ಲಿ ಒಂದು ಯೋಜನೆ ಬಂತು. ಸಾಲದ ಸಲಹೆಗಾರರು ನಿನ್ನ ಲೆಕ್ಕ ನೋಡಿ ಒಪ್ಪಿದರೆ 60 ದಿನ ಬೇಲಿಫ್ ಬರುವಂತಿಲ್ಲ, ಹೊಸ ಶುಲ್ಕ ಹಾಕುವಂತಿಲ್ಲ. ನಾವು ಬಂದಾಗ ಅದೂ ಇರಲಿಲ್ಲ.

ಊರಲ್ಲಿ ಅಪ್ಪ ಅಮ್ಮನಿಗೆ ಹೇಳಬೇಕಾ ಅಂತ ಕೊನೆಯಲ್ಲಿ ಕೇಳಿದ್ದೀಯ. ಅದು ನಿನಗೆ ಬಿಟ್ಟದ್ದು. ಆದರೆ ಬೇಸಿಗೆಯಲ್ಲಿ ಅವರು ಬರುತ್ತಾರೆ ಅಂದೆಯಲ್ಲ, ಅಷ್ಟರೊಳಗೆ ಇದು ತೀರದಿದ್ದರೆ ಹೇಳಲೇಬೇಕು.

ಕೌನ್ಸಿಲ್‌ಗೆ ಫೋನ್ ಮಾಡುವಾಗ ಬಿಲ್ಲಿನ ಅಕೌಂಟ್ ನಂಬರ್ ಕೈಯಲ್ಲಿರಲಿ, ಇಲ್ಲದಿದ್ದರೆ ಮಾತೇ ಮುಂದೆ ಹೋಗುವುದಿಲ್ಲ. ಮಾತಾಡಿದವರ ಹೆಸರು, ಟೈಮು ಬರೆದಿಟ್ಟುಕೋ. ಏನು ಹೇಳಿದರು ಅಂತ ನನಗೂ ತಿಳಿಸು. ರಿಯಾಯಿತಿ ಕೊಡಲ್ಲ ಅಂದರೆ ಬಿಲ್ಲಿನ ಫೋಟೋ ಕಳಿಸು, ಕೂತು ಇಮೇಲ್ ಬರೆಯೋಣ.